ಟೊಮೇಟೊ ಮುಟುರು ರೋಗಕ್ಕೆ ಸೂಡೋಮೊನಾಸ್ ಕೊಟ್ಟರೆ ಪ್ರಯೋಜನ ಇದೆಯಾ?

ಚಿಂತಾಮಣಿ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ಚಿಂತಾಮಣಿ ಕಡೆ. ಬೋರ್‌ವೆಲ್ ನೀರು, ಟೊಮೇಟೊನೇ ಮುಖ್ಯ ಬೆಳೆ. ಬೇಸಿಗೆ ಬೆಳೆಗೆ ಮುಟುರು ರೋಗ ಬಿಡುತ್ತಲೇ ಇಲ್ಲ. ನಾಟಿ ಮಾಡಿ ಸ್ವಲ್ಪ ದಿನಕ್ಕೇ ಎಲೆ ಸುರುಟಿಕೊಳ್ಳುತ್ತದೆ, ಗಿಡ ಕುಳ್ಳಗೆ ನಿಂತುಬಿಡುತ್ತದೆ. ಹೂವು ಬಂದರೂ ಕಾಯಿ ಕಟ್ಟುವುದಿಲ್ಲ. ಈ ವೈರಸ್ ಹರಡುವ ಬಿಳಿನೊಣಕ್ಕೆ ಔಷಧಿ ಹೊಡೆದೂ ಹೊಡೆದೂ ಸಾಕಾಗಿದೆ.

ಈ ಸಲ ಅಂಗಡಿಯವರು ಸೂಡೋಮೊನಾಸ್ ಪುಡಿ ಕೊಟ್ಟರು. "ಇದು ಒಳ್ಳೆ ಬ್ಯಾಕ್ಟೀರಿಯಾ, ವೈರಸ್ಸನ್ನು ತಿಂದು ಹಾಕುತ್ತೆ, ಮುಟುರು ಬಂದ ಗಿಡಕ್ಕೆ ಸ್ಪ್ರೇ ಮಾಡಿ" ಅಂದರು. ಇದು ನಿಜವಾ? ಬ್ಯಾಕ್ಟೀರಿಯಾ ವೈರಸ್ಸನ್ನು ಕೊಲ್ಲುತ್ತದಾ? ಕೆಲಸ ಮಾಡುವುದಾದರೆ ಯಾವಾಗ, ಹೇಗೆ ಕೊಡಬೇಕು? ಬಳಸಿ ನೋಡಿದವರು, ಓದಿಕೊಂಡವರು ದಯವಿಟ್ಟು ಬರೆಯಿರಿ.

ಬೇರುಮಿತ್ರ:
ನಾನು ಸಸ್ಯರೋಗದ ವಿಷಯ ಓದಿ ಅದರಲ್ಲೇ ಕೆಲಸ ಮಾಡುವವಳು. ಅಣ್ಣ, ಮೊದಲು ಒಂದು ಮಾತು. ಸೂಡೋಮೊನಾಸ್ ವೈರಸ್ಸನ್ನು ತಿನ್ನುವುದಿಲ್ಲ. ವೈರಸ್ ಇರುವುದು ಗಿಡದ ಜೀವಕೋಶದ ಒಳಗೆ. ನೀವು ಎಲೆ ಮೇಲೆ ಹೊಡೆದ ಬ್ಯಾಕ್ಟೀರಿಯಾ ಅಲ್ಲಿಗೆ ಹೋಗಿ ಅದನ್ನು ಹಿಡಿಯಲು ಆಗುವುದಿಲ್ಲ. ಮುಟುರು ಬಂದ ಗಿಡಕ್ಕೆ ಸ್ಪ್ರೇ ಮಾಡಿದರೆ ಗಿಡ ವಾಸಿಯಾಗುವುದಿಲ್ಲ. ಆ ದುಡ್ಡು ಉಳಿಸಿಕೊಳ್ಳಿ.

ಹಾಗಂತ ಈ ಬ್ಯಾಕ್ಟೀರಿಯಾದಿಂದ ಪ್ರಯೋಜನವೇ ಇಲ್ಲ ಅಂತಲೂ ಅಲ್ಲ. ಅದು ಕೆಲಸ ಮಾಡುವ ಜಾಗ ಬೇರೆ, ಹೊತ್ತೂ ಬೇರೆ. ಬೇರಿನ ಸುತ್ತ ನೆಲೆಸುವ ಕೆಲವು ಸೂಡೋಮೊನಾಸ್, ಬ್ಯಾಸಿಲಸ್ ತಳಿಗಳು ಇಡೀ ಗಿಡವನ್ನು ಎಚ್ಚರ ಮಾಡುತ್ತವೆ. ಬೇರಿನಿಂದ ಎಲೆಯವರೆಗೆ ಸಂಕೇತ ಹೋಗುತ್ತದೆ. ಆಮೇಲೆ ರೋಗ ಬಂದಾಗ ಆ ಗಿಡ ಬೇಗ ಪ್ರತಿಕ್ರಿಯೆ ಕೊಡುತ್ತದೆ. ಅಪರಿಚಿತರು ಗೇಟಿಗೆ ಬರುವ ಮೊದಲೇ ಎದ್ದು ಕೂತ ಮನೆ ನಾಯಿಯ ಹಾಗೆ. 1991ರಲ್ಲಿ ಎರಡು ಕಡೆ ಇದನ್ನು ತೋರಿಸಿದರು. ನೆದರ್ಲೆಂಡ್ಸ್‌ನಲ್ಲಿ ಕಾರ್ನೇಷನ್ ಹೂವಿನ ಗಿಡದಲ್ಲಿ, ಅಮೆರಿಕದಲ್ಲಿ ಸೌತೆಯಲ್ಲಿ. ಅವೆರಡೂ ಶಿಲೀಂಧ್ರ ರೋಗಗಳು. ವೈರಸ್ ಮೇಲೂ ಹೀಗೇ ಆಗುತ್ತದೆ ಅಂತ 1994ರಲ್ಲಿ ಸ್ವಿಟ್ಜರ್ಲೆಂಡ್‌ನವರು ತಂಬಾಕಿನಲ್ಲಿ ತೋರಿಸಿದರು. ಅವರು ಬಳಸಿದ್ದು ಸಿಎಚ್ಎ0 ಅನ್ನುವ ಸೂಡೋಮೊನಾಸ್ ತಳಿ. 1996ರಲ್ಲಿ ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದವರು ಸೌತೆ ಮತ್ತು ಟೊಮೇಟೊದಲ್ಲಿ ಕುಕುಂಬರ್ ಮೊಸಾಯಿಕ್ ವೈರಸ್ ಮೇಲೆ ಪರೀಕ್ಷೆ ಮಾಡಿದರು. ರೋಗಲಕ್ಷಣ ತಡವಾಗಿ ಕಾಣಿಸಿತು.

ಈ 'ತಡ' ಅನ್ನುವುದು ರೈತರಿಗೆ ಎಷ್ಟು ದೊಡ್ಡದು ಅಂತ ನಿಮಗೇ ಗೊತ್ತು. ನಾಟಿ ಆದ ಹೊಸದರಲ್ಲಿ ಮುಟುರು ಬಂದ ಗಿಡ ಹೋಯಿತು ಅಂತಲೇ ಲೆಕ್ಕ. ಕಾಯಿ ಕಟ್ಟಿದ ಮೇಲೆ ಬಂದರೆ ಅಷ್ಟು ಪೆಟ್ಟು ಬೀಳುವುದಿಲ್ಲ.

ಬಾಗೇಪಲ್ಲಿ ಗಡಿ:
ಮೇಡಂ, ಇದೆಲ್ಲ ಲ್ಯಾಬ್ ಮಾತು. ಗಾಜಿನ ಮನೆಯಲ್ಲಿ ಕುಂಡ ಇಟ್ಟುಕೊಂಡು ಮಾಡಿದ್ದನ್ನು ಹೊಲಕ್ಕೆ ತರಬೇಡಿ. ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಗಿಡ ಅಲ್ಲಾಡಿಸಿದರೆ ಬಿಳಿನೊಣ ಹೊಗೆ ಎದ್ದ ಹಾಗೆ ಏಳುತ್ತದೆ. ಅಲ್ಲಿ ಯಾವ ಬ್ಯಾಕ್ಟೀರಿಯಾ ಏನು ಮಾಡುತ್ತದೆ? ಜೈವಿಕ ಅಂತ ಹೆಸರು ಹಾಕಿ ರೈತರ ಹತ್ತಿರ ದುಡ್ಡು ಕೀಳುವುದು ಜಾಸ್ತಿ ಆಗಿದೆ. ಹೊಲದಲ್ಲಿ ನಡೆದ ಪ್ರಯೋಗ ಇದ್ದರೆ ಹೇಳಿ.

ಬೇರುಮಿತ್ರ:
ಈ ಪ್ರಶ್ನೆ ಕೇಳಲೇಬೇಕಾದದ್ದು. ಹೊಲದ ಪ್ರಯೋಗಗಳೂ ಇವೆ. ಚೆನ್ನಾಗಿ ಬಂದದ್ದು, ಬಾರದ್ದು ಎರಡನ್ನೂ ಹೇಳುತ್ತೇನೆ.

ಅದೇ ಆಬರ್ನ್‌ನವರು 1996 ಮತ್ತು 1997ರಲ್ಲಿ ಟೊಮೇಟೊ ಹೊಲದಲ್ಲಿ ಮಾಡಿದರು. 1996ರಲ್ಲಿ ಬ್ಯಾಕ್ಟೀರಿಯಾ ಕೊಟ್ಟ ಗಿಡಗಳಲ್ಲಿ ಮೊಸಾಯಿಕ್ ರೋಗ ಕಡಿಮೆ ಬಂತು, ಇಳುವರಿಯೂ ಜಾಸ್ತಿ ಸಿಕ್ಕಿತು. 1997ರಲ್ಲಿ ರೋಗದ ಒತ್ತಡ ಹೆಚ್ಚಿತ್ತು. ಆ ವರ್ಷ ಕೊಟ್ಟ ಗಿಡಗಳಲ್ಲಿ ರೋಗಲಕ್ಷಣ ಕಡಿಮೆ ಕಂಡರೂ, ರೋಗ ತಗುಲಿದ ಗಿಡಗಳ ಪ್ರಮಾಣದಲ್ಲಿ, ಇಳುವರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೀವು ಹೇಳಿದ ಮಾತು ಇಲ್ಲಿ ನಿಲ್ಲುತ್ತದೆ. ರೋಗ ವಿಪರೀತ ಇದ್ದಾಗ ಬ್ಯಾಕ್ಟೀರಿಯಾ ಒಂದನ್ನೇ ನಂಬಿಕೊಂಡು ಕೂರಲು ಆಗುವುದಿಲ್ಲ.

ಇನ್ನೊಂದು ಫ್ಲೋರಿಡಾದ್ದು, ನಮಗೆ ಹತ್ತಿರದ್ದು. ಅಲ್ಲಿ ಟೊಮೇಟೊ ಮಾಟಲ್ ಅಂತ ಒಂದು ವೈರಸ್ ಇದೆ. ನಮ್ಮ ಮುಟುರು ವೈರಸ್ಸಿನ ಗುಂಪಿಗೇ ಸೇರಿದ್ದು, ಅದನ್ನೂ ಬಿಳಿನೊಣವೇ ಹರಡುತ್ತದೆ. ಅದರ ಮೇಲೆ ಹೊಲದಲ್ಲಿ ಪ್ರಯೋಗ ಮಾಡಿ 2000ದಲ್ಲಿ ಪ್ರಕಟಿಸಿದರು. ಬೀಜಕ್ಕೆ ಮಾತ್ರ ಹಚ್ಚಿದ್ದು ಅಷ್ಟಾಗಿ ಫಲ ಕೊಡಲಿಲ್ಲ. ಸಸಿ ಬೆಳೆಸುವ ಮಿಶ್ರಣಕ್ಕೇ ಬ್ಯಾಸಿಲಸ್ ಪುಡಿ ಬೆರೆಸಿದಾಗ ರೋಗದ ತೀವ್ರತೆ ಕಡಿಮೆ ಆಯಿತು. ನನಗೆ ಮುಖ್ಯ ಅನ್ನಿಸುವುದು ಇದೇ. ನಾಟಿ ಆದ ಮೇಲೆ ಓಡಾಡುವುದಕ್ಕಿಂತ ಟ್ರೇಯಲ್ಲಿ ಇರುವಾಗಲೇ ಕೊಡಬೇಕು.

ನಿಮ್ಮ ಊರಿನ ಕಥೆಯನ್ನೂ ಹೇಳಬೇಕು. ವೈರಸ್ಸಿನಿಂದ ಬರುವ ಸೂರ್ಯಕಾಂತಿಯ ನೆಕ್ರೋಸಿಸ್ ರೋಗ ನಮ್ಮ ದೇಶದಲ್ಲಿ ಮೊದಲು ಕಂಡಿದ್ದೇ 1997ರಲ್ಲಿ, ಬಾಗೇಪಲ್ಲಿಯಲ್ಲಿ. ಆಗ ಅದು ಕೋಲಾರ ಜಿಲ್ಲೆ. ಆ ರೋಗದ ಮೇಲೆ ಮದ್ರಾಸ್ ವಿಶ್ವವಿದ್ಯಾಲಯದವರು ಸೂಡೋಮೊನಾಸ್, ಬ್ಯಾಸಿಲಸ್, ಸ್ಟ್ರೆಪ್ಟೋಮೈಸಿಸ್ ಸೇರಿಸಿದ ಮಿಶ್ರಣವನ್ನು ಹೊಲದಲ್ಲೇ ಪರೀಕ್ಷೆ ಮಾಡಿದರು. ಅಲ್ಲೂ ರೋಗ ಇಳಿಯಿತು, ಪೂರ್ತಿ ಹೋಗಲಿಲ್ಲ.

ಬಾಗೇಪಲ್ಲಿ ಗಡಿ:
ಸೂರ್ಯಕಾಂತಿ ನೆಕ್ರೋಸಿಸ್ ನೆನಪಿದೆ. ನಮ್ಮ ತಂದೆಯವರು ಅದಾದ ಮೇಲೆ ಸೂರ್ಯಕಾಂತಿ ಹಾಕುವುದನ್ನೇ ಬಿಟ್ಟರು. ಆ ರೋಗ ಕಾಂಗ್ರೆಸ್ ಗಿಡದಿಂದ ಬರುತ್ತದೆ ಅಂತ ಆಮೇಲೆ ಹೇಳಿದರು, ಹೌದಾ?

ಬೇರುಮಿತ್ರ:
ಹೌದು. ಕಾಂಗ್ರೆಸ್ ಗಿಡ ನೋಡಲು ಆರೋಗ್ಯವಾಗಿಯೇ ಇರುತ್ತದೆ, ಒಳಗೆ ವೈರಸ್ ಇಟ್ಟುಕೊಂಡಿರುತ್ತದೆ. ಅದರ ಪರಾಗದ ಜೊತೆ ವೈರಸ್ ಬರುತ್ತದೆ. ಥ್ರಿಪ್ಸ್ ಅನ್ನುವ ಸಣ್ಣ ಕೀಟ ಎಲೆ ಕೆರೆದ ಗಾಯದಿಂದ ಒಳಗೆ ಹೋಗುತ್ತದೆ. ಬದುವಿನ ಕಳೆ ತೆಗೆಯದೆ ಬೇರಿಗೆ ಏನು ಕೊಟ್ಟರೂ ಅರ್ಧ ಕೆಲಸವೇ.

ಸಸಿಮನೆ ಅಕ್ಕ:
ನಾನು ನರ್ಸರಿ ನಡೆಸುತ್ತೇನೆ. ಟೊಮೇಟೊ, ಮೆಣಸಿನಕಾಯಿ, ಕೋಸು, ಬದನೆ ಸಸಿ ಮಾಡುತ್ತೇವೆ. ಟ್ರೇಯಲ್ಲೇ ಕೊಡಬೇಕು ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ನಾವು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒದ್ದೆ ಮಾಡುವಾಗಲೇ ಬ್ಯಾಕ್ಟೀರಿಯಾ ಪುಡಿ ಬೆರೆಸಿ, ನೆರಳಲ್ಲಿ ಮುಚ್ಚಿಟ್ಟು, ಆಮೇಲೆ ಟ್ರೇ ತುಂಬುತ್ತೇವೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್ಆರ್‌ನವರ ಅರ್ಕಾ ಮೈಕ್ರೋಬಿಯಲ್ ಕನ್ಸೋರ್ಶಿಯಂ ಕೂಡ ಹೀಗೇ ಬಳಸಬಹುದು. ಅದು ಮುಖ್ಯವಾಗಿ ಪೋಷಕಾಂಶ ಒದಗಿಸುವುದಕ್ಕೆ, ಬೆಳವಣಿಗೆಗೆ ಇರುವುದು. ವೈರಸ್ ಔಷಧಿ ಅಂತ ಅವರು ಮಾರುವುದಿಲ್ಲ, ನಾನೂ ಹಾಗೆ ಹೇಳುವುದಿಲ್ಲ. ನನ್ನ ಕಣ್ಣಿಗೆ ಕಂಡದ್ದು ಇಷ್ಟೇ: ಬೇರು ತುಂಬ ಬರುತ್ತದೆ, ಟ್ರೇಯಿಂದ ಕೀಳುವಾಗ ಗೆಡ್ಡೆ ಒಡೆಯುವುದಿಲ್ಲ, ನಾಟಿ ಮಾಡಿದ ಮೇಲೆ ಸಸಿ ಬಾಡದೆ ಬೇಗ ಎದ್ದುಕೊಳ್ಳುತ್ತದೆ.

ಇದಕ್ಕಿಂತ ಮೊದಲು ನೋಡಬೇಕಾದದ್ದು ಪರದೆ. ಎಷ್ಟೋ ಕಡೆ ಮುಟುರು ಅಂಟುವುದು ಸಸಿಮನೆಯಲ್ಲೇ. ಸಸಿಯಲ್ಲಿ ಏನೂ ಕಾಣುವುದಿಲ್ಲ, ಹೊಲಕ್ಕೆ ಹೋದ ಮೇಲೆ ಕಾಣುತ್ತದೆ. ಬಿಳಿನೊಣ ನುಗ್ಗದ ಹಾಗೆ 40ರಿಂದ 50 ಮೆಶ್ ನೈಲಾನ್ ಪರದೆ ಬೇಕು. ಬಾಗಿಲು ಎರಡು ಇರಬೇಕು, ಒಂದು ಮುಚ್ಚಿದ ಮೇಲೆ ಇನ್ನೊಂದು ತೆಗೆಯಬೇಕು. ಬರೀ ಹಸಿರು ನೆರಳು ಪರದೆ ಕಟ್ಟಿದ ನರ್ಸರಿಯಿಂದ ಬೇಸಿಗೆಯಲ್ಲಿ ಸಸಿ ತರಬೇಡಿ.

ಬ್ಯಾಡಗಿ ಸೀಮೆ:
ನಮ್ಮದು ಹಾವೇರಿ ಜಿಲ್ಲೆ, ಮೆಣಸಿನಕಾಯಿ. ನಮ್ಮಲ್ಲೂ ಮುಟುರು ರೋಗ ಅಂತೇವಿ ನೋಡ್ರಿ, ಆದರೆ ಎಲ್ಲ ಮುಟುರೂ ವೈರಸ್ ಅಲ್ಲ. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ನನಗೆ ಕೃಷಿ ವಿಜ್ಞಾನ ಕೇಂದ್ರದವರು (ಕೆವಿಕೆ) ಹೊಲದಲ್ಲೇ ತೋರಿಸಿಕೊಟ್ಟರು. ಎಲೆ ಅಂಚು ಮೇಲಕ್ಕೆ ಮಡಚಿ ದೋಣಿ ಆಕಾರ ಆದರೆ ಥ್ರಿಪ್ಸ್. ಎಲೆ ಕೆಳಕ್ಕೆ ಬಾಗಿ ತೊಟ್ಟು ಉದ್ದ ಆದರೆ ಮೈಟ್ ನುಸಿ. ಎಲೆ ಸಣ್ಣದಾಗಿ, ಗಂಟು ಗಂಟಾಗಿ, ನರ ಹಳದಿ ತಿರುಗಿ, ಗಿಡ ಪೊದೆಯಂತೆ ಕುಳ್ಳಗೆ ಆದರೆ ವೈರಸ್. 2021ರಲ್ಲಿ ಹೊಸ ಕಪ್ಪು ಥ್ರಿಪ್ಸ್ ಬಂದು ಹೂವನ್ನೆಲ್ಲ ತಿಂದಾಗ ಎಷ್ಟೋ ಮಂದಿ ವೈರಸ್ ಅಂದುಕೊಂಡು ಸಿಕ್ಕ ಸಿಕ್ಕ ಡಬ್ಬಿ ತಂದು ಹೊಡೆದರು. ಯಾವುದು ಬಂದದ ಅಂತ ತಿಳಿಯದೆ ಬ್ಯಾಕ್ಟೀರಿಯಾ ಕೊಟ್ಟರೆ ಬಂತೋ ಬಿಟ್ಟಿತೋ ಹೇಗೆ ಹೇಳುವುದು?

ಬೇರುಮಿತ್ರ:
ಬ್ಯಾಡಗಿಯವರ ಮಾತನ್ನು ಎಲ್ಲರೂ ಎರಡು ಸಲ ಓದಿ. ಟೊಮೇಟೊದಲ್ಲೂ ಹೀಗೇ ಇದೆ. ಕೋಲಾರ ಕಡೆ ಬಿಳಿನೊಣ ಹರಡುವ ಮುಟುರು ಒಂದು, ಥ್ರಿಪ್ಸ್ ಹರಡುವ ಮೊಗ್ಗು ಒಣಗುವ ವೈರಸ್ ಇನ್ನೊಂದು. ಎರಡನೆಯದರಲ್ಲಿ ಎಲೆ ಕಂದು ಬಣ್ಣಕ್ಕೆ ತಿರುಗಿ ಸುಡುತ್ತದೆ, ಹಣ್ಣಿನ ಮೇಲೆ ಉಂಗುರ ಉಂಗುರ ಮಚ್ಚೆ ಬರುತ್ತದೆ. ಕೀಟ ಬೇರೆ ಆದ್ದರಿಂದ ಅದಕ್ಕೆ ಮಾಡಬೇಕಾದ ಕೆಲಸವೂ ಬೇರೆ.

ಗುಂಡ್ಲುಪೇಟೆ ಬಾಳೆ:
ಬಾಳೆ ಬೆಳೆಯುವವರ ಪರವಾಗಿ ಕೇಳುತ್ತೇನೆ. ನಂಜನಗೂಡು ರಸಬಾಳೆ ಹೋದದ್ದು ವೈರಸ್ಸಿಂದಲೇ ಅಲ್ವಾ? ಅದಕ್ಕೆ ಈ ಬ್ಯಾಕ್ಟೀರಿಯಾ ಆಗುತ್ತದಾ?

ಬೇರುಮಿತ್ರ:
ಅಲ್ಲ ಸರ್. ರಸಬಾಳೆಗೆ ಬಂದದ್ದು ಪನಾಮ ಸೊರಗು ರೋಗ. ಅದು ಫ್ಯುಸೇರಿಯಂ ಅನ್ನುವ ಶಿಲೀಂಧ್ರ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಸೂಡೋಮೊನಾಸ್, ಟ್ರೈಕೋಡರ್ಮಾ (ಇದು ಒಳ್ಳೆ ಶಿಲೀಂಧ್ರ) ಇಂಥ ಮಣ್ಣಿನ ಶಿಲೀಂಧ್ರದ ಜೊತೆ ನೇರವಾಗಿಯೇ ಹೋರಾಡುತ್ತವೆ. ಜಾಗಕ್ಕೆ, ಆಹಾರಕ್ಕೆ ಪೈಪೋಟಿ ಕೊಡುತ್ತವೆ, ಅದನ್ನು ತಡೆಯುವ ವಸ್ತು ಬಿಡುತ್ತವೆ. ಹಾಗಾಗಿ ಅಲ್ಲಿ ಇವುಗಳ ಪಾತ್ರ ದೊಡ್ಡದು.

ಬಾಳೆಯಲ್ಲಿ ವೈರಸ್ ಅಂದರೆ ಬಂಚಿ ಟಾಪ್. ಎಲೆಗಳು ಕಿರಿದಾಗಿ, ನೆಟ್ಟಗೆ, ತುದಿಯಲ್ಲಿ ಗೊಂಚಲಾಗಿ ನಿಲ್ಲುತ್ತವೆ. ಬಾಳೆ ಹೇನು ಇದನ್ನು ಹರಡುತ್ತದೆ, ರೋಗ ಇರುವ ಕಂದಿನಿಂದಲೂ ಬರುತ್ತದೆ. ತಮಿಳುನಾಡಿನ ಕೆಳ ಪಳನಿ ಬೆಟ್ಟದ ವಿರೂಪಾಕ್ಷಿ ಬಾಳೆಯನ್ನು ಈ ರೋಗ ತುಂಬ ಹಾಳು ಮಾಡಿತು. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು ಆ ಬಾಳೆಗೆ ಸೂಡೋಮೊನಾಸ್ ಜೊತೆ ಚಿಟಿನ್ (ಸಿಗಡಿ, ಏಡಿ ಚಿಪ್ಪಿನಲ್ಲಿರುವ ವಸ್ತು) ಸೇರಿಸಿ, ಗಿಡದ ಒಳಗೇ ಬದುಕುವ ಬ್ಯಾಕ್ಟೀರಿಯಾಗಳನ್ನು ಸೇರಿಸಿ ಪ್ರಯೋಗ ಮಾಡಿದ್ದಾರೆ. ರೋಗ ಕಡಿಮೆಯಾಗಿ ಬೆಳವಣಿಗೆ, ಇಳುವರಿ ಉತ್ತಮವಾದದ್ದು ವರದಿಯಾಗಿದೆ. ಅಂಗಾಂಶ ಕೃಷಿಯ ಬಾಳೆ ಸಸಿಗೆ ಇದು ಇನ್ನೂ ಮುಖ್ಯ. ಆ ಸಸಿ ಲ್ಯಾಬಿನಿಂದ ಬರುವಾಗ ತನ್ನ ಒಳಗಿನ ಒಳ್ಳೆ ಸೂಕ್ಷ್ಮಜೀವಿಗಳನ್ನೂ ಬಹಳಷ್ಟು ಕಳೆದುಕೊಂಡಿರುತ್ತದೆ. ಮತ್ತೆ ಸೇರಿಸಿ ಕಳಿಸಿದರೆ ಒಳ್ಳೆಯದು.

ಆದರೂ ಬಂಚಿ ಟಾಪ್ ಕಂಡ ಗಿಡವನ್ನು ಬುಡ ಸಮೇತ ತೆಗೆದು ನಾಶ ಮಾಡಲೇಬೇಕು. ಅದಕ್ಕೆ ಬದಲಿ ಇಲ್ಲ.

ಮಲೆನಾಡ ಏಲಕ್ಕಿ:
ನಮ್ಮ ಏಲಕ್ಕಿಯ ಕಟ್ಟೆ ರೋಗವೂ ಇದೇ ಥರ, ಹೇನಿನಿಂದ ಹರಡುತ್ತದೆ. ಕೊಡಗಿನ ಅಪ್ಪಂಗಳದ ಸಂಶೋಧನಾ ಕೇಂದ್ರದಿಂದ ಕಟ್ಟೆ ತಡೆಯುವ ವಿಜೇತ ತಳಿ ಬಂದಿದೆ. ನಮ್ಮ ಹಿರಿಯರು ಮಾಡುತ್ತಿದ್ದದ್ದು ಒಂದೇ, ಕಟ್ಟೆ ಕಂಡ ಹಿಂಡಲನ್ನು ಕಿತ್ತು ತೋಟದ ಆಚೆ ಹಾಕುವುದು. ನನ್ನ ಅಭಿಪ್ರಾಯದಲ್ಲಿ ತಳಿ ಮೊದಲು, ಕಿತ್ತು ಹಾಕುವುದು ಎರಡನೆಯದು, ಬ್ಯಾಕ್ಟೀರಿಯಾ ಆಮೇಲೆ.

ಚಿಂತಾಮಣಿ ತೋಟ:
ಎಲ್ಲರಿಗೂ ಧನ್ಯವಾದ. ಇಷ್ಟು ವಿಷಯ ಅಂಗಡಿಯಲ್ಲಿ ಸಿಗುವುದಿಲ್ಲ. ಟೊಮೇಟೊಗೆ ತಡೆಯುವ ತಳಿ ಯಾವುದು ಹಾಕಬೇಕು? ಮತ್ತೆ ನಮ್ಮ ಮನೆಯಲ್ಲಿ ಜೀವಾಮೃತ ಮಾಡುತ್ತೇವೆ. ಅದರಲ್ಲೂ ಬ್ಯಾಕ್ಟೀರಿಯಾ ಇರುತ್ತದಲ್ವಾ? ಅದು ಸಾಕಾಗುವುದಿಲ್ಲವಾ?

ಸಸಿಮನೆ ಅಕ್ಕ:
ತಳಿ ವಿಷಯ ನಾನು ಹೇಳುತ್ತೇನೆ. ಐಐಎಚ್ಆರ್‌ನ ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಹೈಬ್ರಿಡ್‌ಗಳು ಮುಟುರು, ದುಂಡಾಣು ಸೊರಗು, ಅಂಗಮಾರಿ ಮೂರಕ್ಕೂ ತಡೆ ಇರುವಂಥವು. ಆಮೇಲೆ ಅರ್ಕಾ ಅಭೇದ್ ಬಂತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಂಕ್ರಾಂತಿ, ನಂದಿ, ವೈಭವ್ ಅಂತ ತಳಿಗಳೂ ಇದ್ದವು. ಖಾಸಗಿ ಕಂಪನಿಗಳ ಹೈಬ್ರಿಡ್‌ಗಳಲ್ಲೂ ಮುಟುರು ತಡೆ ಅಂತ ಬರೆದದ್ದು ಇವೆ. ನಿಮ್ಮ ಮಾರ್ಕೆಟ್‌ಗೆ ಯಾವ ಹಣ್ಣು ಓಡುತ್ತದೆ ಅಂತ ನೋಡಿ ಆರಿಸಿ. ಕೋಲಾರ ಮಂಡಿಯಲ್ಲಿ ಗಟ್ಟಿ ಹಣ್ಣನ್ನೇ ಕೇಳುತ್ತಾರೆ, ದೂರ ಹೋಗಬೇಕಲ್ಲ.

ಬೇರುಮಿತ್ರ:
ಜೀವಾಮೃತದಲ್ಲಿ ತುಂಬ ಬ್ಯಾಕ್ಟೀರಿಯಾ ಇರುತ್ತವೆ, ನಿಜ. ಆದರೆ ಯಾವುದು, ಎಷ್ಟು ಅಂತ ಪ್ರತಿ ಡ್ರಮ್ಮಿಗೂ ಬೇರೆ. ಗಿಡವನ್ನು ಎಚ್ಚರ ಮಾಡುವ ಗುಣ ಎಲ್ಲ ಬ್ಯಾಕ್ಟೀರಿಯಾಕ್ಕೂ ಇಲ್ಲ. ಒಂದೇ ಜಾತಿಯ ಸೂಡೋಮೊನಾಸ್‌ನಲ್ಲೂ ತಳಿಯಿಂದ ತಳಿಗೆ ವ್ಯತ್ಯಾಸ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನವರು ಎರಡು ತಳಿ ಹೋಲಿಸಿದರು. ಡಬ್ಲ್ಯುಸಿಎಸ್417 ಮೂಲಂಗಿಯಲ್ಲೂ, ಲ್ಯಾಬಿನಲ್ಲಿ ಪ್ರಯೋಗಕ್ಕೆ ಬಳಸುವ ಅರಾಬಿಡಾಪ್ಸಿಸ್ ಅನ್ನುವ ಸಣ್ಣ ಗಿಡದಲ್ಲೂ ಕೆಲಸ ಮಾಡಿತು. ಡಬ್ಲ್ಯುಸಿಎಸ್374 ಮೂಲಂಗಿಯಲ್ಲಿ ಮಾಡಿತು, ಅರಾಬಿಡಾಪ್ಸಿಸ್‌ನಲ್ಲಿ ಮಾಡಲಿಲ್ಲ. ಹಾಗಾಗಿ ಪ್ಯಾಕೆಟ್ ಮೇಲೆ ಬರೀ 'ಸೂಡೋಮೊನಾಸ್' ಅಂತ ಇದ್ದರೆ ಸಾಲದು. ಜೀವಾಮೃತ ಮಣ್ಣಿಗೆ ಕೊಡುತ್ತಾ ಇರಿ, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ವೈರಸ್ ತಡೆಗೆ ಅದನ್ನೇ ನಂಬಬೇಡಿ.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟದ್ದು, ಅದಕ್ಕೆ ಹೇಳಿಬಿಡುತ್ತೇನೆ. ಬಿಳಿನೊಣದ ಒಳಗೂ ಬ್ಯಾಕ್ಟೀರಿಯಾ ಇವೆ. ಹ್ಯಾಮಿಲ್ಟೋನೆಲ್ಲಾ ಅನ್ನುವ ಒಂದು ಬ್ಯಾಕ್ಟೀರಿಯಾ ತಯಾರಿಸುವ ಪ್ರೋಟೀನು ಬಿಳಿನೊಣದ ದೇಹದಲ್ಲಿ ಟೊಮೇಟೊ ಹಳದಿ ಮುಟುರು ವೈರಸ್ ಹಾಳಾಗದಂತೆ ಕಾಯುತ್ತದೆ ಅಂತ ಇಸ್ರೇಲ್‌ನವರು 2010ರಲ್ಲಿ ತೋರಿಸಿದರು. ಅಂದರೆ ಅಲ್ಲಿ ಬ್ಯಾಕ್ಟೀರಿಯಾ ವೈರಸ್ಸಿನ ಕಡೆ. ಭತ್ತದ ಕಂದು ಜಿಗಿಹುಳುವಿನಲ್ಲಿ ಇದರ ಉಲ್ಟಾ. 2020ರಲ್ಲಿ ಚೀನಾದವರು ಅದರೊಳಗೆ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಸೇರಿಸಿದಾಗ ಅದು ಭತ್ತದ ವೈರಸ್ ಹರಡುವುದು ಕಡಿಮೆ ಆಯಿತು. ಇದು ಲ್ಯಾಬಿನ ಹಂತದ ಮಾತು, ಅಂಗಡಿಯಲ್ಲಿ ಸಿಗುವುದಲ್ಲ. ಯಾರಾದರೂ ಆ ಹೆಸರು ಹೇಳಿ ಡಬ್ಬಿ ಮಾರಲು ಬಂದರೆ ಕೊಳ್ಳಬೇಡಿ.

ಬಾಗೇಪಲ್ಲಿ ಗಡಿ:
ಡಬ್ಬಿ ಅಂದಿರಲ್ಲ, ಅದನ್ನೇ ಕೇಳಬೇಕಿತ್ತು. ಒಳ್ಳೆ ಮಾಲು ಯಾವುದು ಅಂತ ಗುರುತು ಹಿಡಿಯುವುದು ಹೇಗೆ? ನಾನು ಒಂದು ಅಂಗಡಿಯಿಂದ ತಂದ 'ಜೈವಿಕ' ಬಾಟಲಿಯಲ್ಲಿ ಕೆಮಿಕಲ್ ವಾಸನೆ ಹೊಡೆಯುತ್ತಿತ್ತು. ಲೇಬಲ್ ಮೇಲೆ ನೋಂದಣಿ ನಂಬರೇ ಇರಲಿಲ್ಲ.

ಬೇರುಮಿತ್ರ:
ರೋಗಕ್ಕೆ ಅಂತ ಮಾರುವ ಸೂಡೋಮೊನಾಸ್, ಬ್ಯಾಸಿಲಸ್ ಎರಡೂ 1968ರ ಕೀಟನಾಶಕ ಕಾಯ್ದೆಯ ಕೆಳಗೆ ಬರುತ್ತವೆ. ಲೇಬಲ್ ಮೇಲೆ ಸಿಐಬಿ (ಕೇಂದ್ರ ಕೀಟನಾಶಕ ಮಂಡಳಿ) ನೋಂದಣಿ ಸಂಖ್ಯೆ ಇರಬೇಕು. ತಯಾರಿಸಿದ ದಿನ, ಅವಧಿ ಮುಗಿಯುವ ದಿನ, ಗ್ರಾಂಗೆ ಎಷ್ಟು ಜೀವಂತ ಕಣ ಅನ್ನುವುದು ಇರಬೇಕು. ನಂಬರ್ ಇಲ್ಲದ ಬಾಟಲಿಯನ್ನು ವಾಪಸ್ ಕೊಡಿ, ಬಿಲ್ ಇಟ್ಟುಕೊಂಡು ತಾಲ್ಲೂಕು ಕೃಷಿ ಇಲಾಖೆಗೆ ತಿಳಿಸಿ. ಯಾವ ಬೆಳೆ, ಯಾವ ರೋಗ ಅಂತ ಲೇಬಲ್‌ನಲ್ಲಿ ಬರೆದಿರುತ್ತದೆ, ಅದನ್ನೂ ಓದಿ. 'ಎಲ್ಲ ವೈರಸ್‌ಗೂ ರಾಮಬಾಣ' ಅಂತ ಬರೆದದ್ದು ಕಂಡರೆ ಅಲ್ಲೇ ಇಟ್ಟು ಬನ್ನಿ.

ಸೂಡೋಮೊನಾಸ್ ಬಿಸಿಲಿಗೆ, ಶಾಖಕ್ಕೆ ಬೇಗ ಸಾಯುತ್ತದೆ. ಅಂಗಡಿಯ ಮುಂದೆ ಬಿಸಿಲಲ್ಲಿ ಇಟ್ಟ ಪ್ಯಾಕೆಟ್ ಬೇಡ. ಬ್ಯಾಸಿಲಸ್ ಬೀಜಕ ಮಾಡಿಕೊಳ್ಳುವುದರಿಂದ ಜಾಸ್ತಿ ದಿನ ತಡೆಯುತ್ತದೆ. ನಮ್ಮ ಬೇಸಿಗೆಗೆ ಅದೇ ವಾಸಿ ಅಂತ ನನ್ನ ಅನಿಸಿಕೆ.

ಚಿಂತಾಮಣಿ ತೋಟ:
ಸರಿ ಮೇಡಂ. ಈಗ ಕ್ರಮವಾಗಿ ಹೇಳಿಬಿಡಿ. ನಾನು ಮುಂದಿನ ಬೆಳೆಗೆ ಮಾಡಿ ನೋಡುತ್ತೇನೆ. ಬೀಜ ಔಷಧಿ ಸೇರಿಸಿ ಬಣ್ಣ ಹಚ್ಚಿದ ಹೈಬ್ರಿಡ್.

ಬೇರುಮಿತ್ರ:
ಬಣ್ಣ ಹಚ್ಚಿದ ಬೀಜಕ್ಕೆ ಮತ್ತೆ ಪುಡಿ ಹಚ್ಚಲು ಹೋಗಬೇಡಿ. ಅಕ್ಕ ಹೇಳಿದಂತೆ ಕೋಕೋಪೀಟ್‌ಗೆ ಬೆರೆಸಿ. ನಾಟಿಗೆ ಮೊದಲು ಟ್ರೇಯನ್ನು ಬ್ಯಾಕ್ಟೀರಿಯಾ ಕಲಸಿದ ನೀರಲ್ಲಿ ಅದ್ದಿ. ಹೊಲಕ್ಕೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಎಕರೆಗೆ 1 ಕೆಜಿ ಸೂಡೋಮೊನಾಸ್ ಪುಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ಒದ್ದೆ ಮಾಡಿ, ನೆರಳಲ್ಲಿ ಇಟ್ಟು, ನಾಟಿ ಸಾಲಿಗೆ ಹಾಕಿ. ಮಣ್ಣು ಹಸಿ ಇರಬೇಕು, ಸಂಜೆ ಹೊತ್ತು ಒಳ್ಳೆಯದು. ಕಾಪರ್ ಔಷಧಿ, ಸ್ಟ್ರೆಪ್ಟೋಸೈಕ್ಲಿನ್, ಬ್ಲೀಚಿಂಗ್ ಪೌಡರ್ ಇವುಗಳ ಜೊತೆ ಬೆರೆಸಲೇಬೇಡಿ. ಹತ್ತಿರದ ದಿನಗಳಲ್ಲೂ ಬೇಡ, ಅವು ಬ್ಯಾಕ್ಟೀರಿಯಾ ಕೊಲ್ಲುವುದಕ್ಕೇ ಇರುವುದು.

ಇದರ ಜೊತೆಗೆ ಸಿಲ್ವರ್ ಮಲ್ಚಿಂಗ್ ಹಾಕಿ, ಅದರ ಹೊಳಪಿಗೆ ಬಿಳಿನೊಣ ಇಳಿಯುವುದು ಕಡಿಮೆ. ಸುತ್ತ ಜೋಳ ಅಥವಾ ಮುಸುಕಿನ ಜೋಳದ ಸಾಲು ಹಾಕಿ, ಅದೂ ಟೊಮೇಟೊ ನಾಟಿಗೆ ಸಾಕಷ್ಟು ಮೊದಲೇ, ಇಲ್ಲದಿದ್ದರೆ ಎತ್ತರ ಬರುವುದಿಲ್ಲ. ಶುರುವಿನಲ್ಲಿ ಮುಟುರು ಕಂಡ ಗಿಡ ಕಿತ್ತು ಚೀಲಕ್ಕೆ ಹಾಕಿ ಹೊರಗೆ ಒಯ್ಯಿರಿ. ಪಕ್ಕದಲ್ಲೇ ಮುಗಿದ ಹಳೆ ಟೊಮೇಟೊ ಬೆಳೆ ನಿಂತಿದ್ದರೆ ಮೊದಲು ಅದನ್ನು ತೆಗೆಸಿ. ಬಿಳಿನೊಣ ಬರುವುದು ಅಲ್ಲಿಂದಲೇ.

ಬಾಗೇಪಲ್ಲಿ ಗಡಿ:
ನಾನೂ ಒಂದು ಅರ್ಧ ಎಕರೆಗೆ ಮಾಡುತ್ತೇನೆ. ಆದರೆ ಒಂದು ಷರತ್ತು. ಕೆಲವು ಸಾಲು ಬ್ಯಾಕ್ಟೀರಿಯಾ ಕೊಡದೆ ಬಿಡುತ್ತೇನೆ, ಉಳಿದದ್ದೆಲ್ಲ ಒಂದೇ ಥರ. ಚಿಂತಾಮಣಿಯವರೂ ಹಾಗೇ ಮಾಡಿ. ಇಲ್ಲದಿದ್ದರೆ ಮಳೆ ಬಂದು ಬಿಳಿನೊಣ ಕಡಿಮೆಯಾದರೂ ಪುಡಿಯಿಂದ ಆಯಿತು ಅಂದುಕೊಳ್ಳುತ್ತೇವೆ.

ಬೇರುಮಿತ್ರ:
ತುಂಬ ಒಳ್ಳೆಯದು. ಕೊಡದ ಸಾಲು ಒಂದೇ ಮೂಲೆಯಲ್ಲಿ ಬೇಡ, ಹೊಲದಲ್ಲಿ ಅಲ್ಲಲ್ಲಿ ಇರಲಿ. ಬಿಳಿನೊಣ ಗಾಳಿ ಬರುವ ಕಡೆಯ ಅಂಚಿನಲ್ಲಿ ಜಾಸ್ತಿ ಇರುತ್ತದೆ. ವಾರಕ್ಕೊಮ್ಮೆ ಒಂದೊಂದು ಸಾಲಿನಲ್ಲಿ ಮುಟುರು ಬಂದ ಗಿಡ ಎಷ್ಟು ಅಂತ ಎಣಿಸಿ ಬರೆಯಿರಿ. ಕೀಳುವ ಗಿಡವನ್ನೂ ಲೆಕ್ಕಕ್ಕೆ ಸೇರಿಸಿ. ಕಾಯಿ ಬಂದಾಗ ಕ್ರೇಟ್ ಲೆಕ್ಕ ಬೇರೆ ಬೇರೆ ಇಡಿ. ವೈರಸ್ಸೋ ಅಲ್ಲವೋ ಅನುಮಾನ ಬಂದರೆ ಕುರುಬೂರಿನ ಕೆವಿಕೆಗೆ ಒಂದು ಗಿಡ ತೆಗೆದುಕೊಂಡು ಹೋಗಿ ತೋರಿಸಿ, ನಿಮಗೆ ಹತ್ತಿರ.

ಚಿಂತಾಮಣಿ ತೋಟ:
ಹಾಗೇ ಮಾಡುತ್ತೇನೆ. ಕೊನೆಯದಾಗಿ ಒಂದು. ನಾಟಿ ಆದ ಮೇಲೆ ಡ್ರಿಪ್‌ನಲ್ಲಿ ಬಿಡಬಹುದಾ? ಬುಡಬುಡಕ್ಕೆ ಹಾಕಲು ಆಳು ಸಿಗುವುದಿಲ್ಲ.

ಸಸಿಮನೆ ಅಕ್ಕ:
ಬಿಡಬಹುದು ಅಣ್ಣ. ಪುಡಿ ಬೇಡ, ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ. ದ್ರವ ರೂಪದ್ದು ತನ್ನಿ, ಬಟ್ಟೆಯಲ್ಲಿ ಸೋಸಿ ವೆಂಚುರಿಯಲ್ಲಿ (ಡ್ರಿಪ್ ನೀರಿಗೆ ಗೊಬ್ಬರ ಎಳೆದು ಸೇರಿಸುವ ಸಾಧನ) ಬಿಡಿ. ಮೊದಲು ಸ್ವಲ್ಪ ಹೊತ್ತು ಬರೀ ನೀರು ಬಿಡಿ, ಆಮೇಲೆ ಇದು, ಕೊನೆಗೆ ಮತ್ತೆ ಸ್ವಲ್ಪ ನೀರು. ಪೈಪಿಗೆ ಆಸಿಡ್ ಬಿಟ್ಟು ತೊಳೆಯುವ ದಿನ ಮಾತ್ರ ಕೊಡಬೇಡಿ. ಕೊಡದ ಸಾಲುಗಳ ಡ್ರಿಪ್ ಪೈಪು, ಅಂದರೆ ಲ್ಯಾಟರಲ್‌ಗೆ ವಾಲ್ವ್ ಹಾಕಿಸಿ ಮುಚ್ಚಿಡಿ, ಇಲ್ಲದಿದ್ದರೆ ಅಲ್ಲಿಗೂ ಹೋಗಿಬಿಡುತ್ತದೆ.